ಅಪ್ಪನ ಕಾಫಿಯ ಸಕ್ಕರೆ ಬೇರೆ, ಕ್ಯಾನ್ಸರ್ ಹೊದ್ದುಕೊಂಡ ಸಕ್ಕರೆ ಬೇರೆ

ಪ್ರಶ್ನೆ: ನಮ್ಮದು ಚನ್ನಗಿರಿ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. ಅಪ್ಪನಿಗೆ 61 ವರ್ಷ. ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಆಪರೇಷನ್, ರೇಡಿಯೇಷನ್ ಎಲ್ಲಾ ಆಯಿತು. ಈಗ ಮತ್ತೆ ಬಂದಿದೆ. ದಾವಣಗೆರೆಯಲ್ಲಿ ಡಾಕ್ಟರು ಇಮ್ಯುನೊಥೆರಪಿ ಬಗ್ಗೆ ಮಾತಾಡಿದ್ದಾರೆ. ಪಿಡಿ-ಎಲ್1 ಟೆಸ್ಟ್ ಮಾಡಿಸಿದೆವು, ಅಂಕ ಕಡಿಮೆ ಬಂದಿದೆ. ಕ್ಯಾನ್ಸರ್ ಕೋಶಗಳ ಮೇಲೆ ಸಕ್ಕರೆ ಇರುತ್ತದೆ, ಅದರಿಂದಲೇ ಇಮ್ಯುನೊಥೆರಪಿ ಕೆಲಸ ಮಾಡುವುದಿಲ್ಲ ಎಂದು ಓದಿದೆ. ಒಂದು ತಿಂಗಳಿಂದ ಅಪ್ಪನಿಗೆ ಸಕ್ಕರೆ, ಬೆಲ್ಲ, ಬಾಳೆಹಣ್ಣು ಎಲ್ಲಾ ನಿಲ್ಲಿಸಿದ್ದೇವೆ. ತೂಕ ಇಳಿಯುತ್ತಿದೆ. ನಾವು ಮಾಡುತ್ತಿರುವುದು ಸರಿಯಾ? ಆ ಸಕ್ಕರೆಯನ್ನು ತೆಗೆಯುವ ಔಷಧ ಇದೆಯಾ?

ಉತ್ತರ: ಮೊದಲು ಇವತ್ತೇ ಅಪ್ಪನ ಕಾಫಿಗೆ ಸಕ್ಕರೆ ಹಾಕಿ ಕೊಡಿ. ಶುಗರ್ ಕಾಯಿಲೆ ಇದ್ದರೆ ಡಾಕ್ಟರು ಹೇಳಿದ ಅಳತೆಯಲ್ಲಿ ಕೊಡಿ, ಇಲ್ಲದಿದ್ದರೆ ಅವರ ಬಾಯಿಗೆ ರುಚಿಸುವಷ್ಟು ಕೊಡಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ.

ನೀವು ಓದಿದ್ದು ಸುಳ್ಳಲ್ಲ. ಕ್ಯಾನ್ಸರ್ ಕೋಶದ ಮೇಲೆ ಸಕ್ಕರೆ ಇರುವುದು ನಿಜ. ಅದು ಇಮ್ಯುನೊಥೆರಪಿಗೆ, ಅಂದರೆ ಮೈಯ ಕಾವಲು ಕೋಶಗಳನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆಗೆ, ಅಡ್ಡ ಬರುವುದೂ ನಿಜ. ಆದರೆ ಎರಡು ಬೇರೆ ಬೇರೆ ಸಕ್ಕರೆಗಳ ಕಥೆ ನಿಮ್ಮ ಮನೆಯಲ್ಲಿ ಒಂದೇ ಆಗಿಬಿಟ್ಟಿದೆ. ನಾನು ಪೆಥಾಲಜಿಸ್ಟ್. ಬಯಾಪ್ಸಿ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬರುವ ಬಾಯಿ ಕ್ಯಾನ್ಸರ್ ಚೂರುಗಳನ್ನು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಈ ಗೊಂದಲ ನಿಮ್ಮೊಬ್ಬರದ್ದಲ್ಲ. ಸಕ್ಕರೆ ಬಿಟ್ಟು ಸೊರಗಿದವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದು ಉರಿಯುವ ಸಕ್ಕರೆ, ಅಂದರೆ ಗ್ಲೂಕೋಸ್. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಜಾಸ್ತಿ ಬಳಸುತ್ತವೆ. ಒಟ್ಟೊ ವಾರ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ ಇದನ್ನು 1920ರ ದಶಕದಲ್ಲೇ ಕಂಡಿದ್ದರು. ಪೆಟ್ ಸ್ಕ್ಯಾನ್ ನಡೆಯುವುದು ಇದೇ ಗುಣದ ಮೇಲೆ. ವಿಕಿರಣ ಸೂಸುವ ಗ್ಲೂಕೋಸಿನಂಥ ವಸ್ತುವನ್ನು ಚುಚ್ಚಿದರೆ ಗೆಡ್ಡೆ ಅದನ್ನು ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. 'ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ' ಎಂಬ ಮಾತು ಬಲವಾಗಿದ್ದು ಇಲ್ಲಿಂದ. ಆದರೆ ಸಕ್ಕರೆ ನಿಲ್ಲಿಸಿದರೆ ರಕ್ತದ ಗ್ಲೂಕೋಸ್ ನಿಲ್ಲುವುದಿಲ್ಲ. ಅನ್ನ, ಮುದ್ದೆ, ರೊಟ್ಟಿಯಿಂದ ಬರುತ್ತದೆ. ಏನೂ ತಿನ್ನದಿದ್ದರೆ ಲಿವರ್ ತಯಾರಿಸುತ್ತದೆ, ಅದಕ್ಕಾಗಿ ಮೈಯ ಮಾಂಸಖಂಡವನ್ನೇ ಕರಗಿಸುತ್ತದೆ. ಸೊರಗುವುದು ಅಪ್ಪ, ಗೆಡ್ಡೆ ಅಲ್ಲ.

ಎರಡನೆಯದು ಉರಿಯುವ ಸಕ್ಕರೆ ಅಲ್ಲ, ಹೊದ್ದುಕೊಳ್ಳುವ ಸಕ್ಕರೆ. ನೀವು ಓದಿದ್ದು ಇದರ ಬಗ್ಗೆ.

ನಮ್ಮ ಮೈಯ ಪ್ರತಿ ಜೀವಕೋಶದ ಹೊರಮೈ ಮೇಲೆ ಸಕ್ಕರೆಯ ಸರಗಳಿವೆ. ಎಳೆ ಮೆಕ್ಕೆಜೋಳದ ತೆನೆಯ ತುದಿಯಲ್ಲಿ ರೇಷ್ಮೆಯಂಥ ಕೂದಲು ಇರುತ್ತದಲ್ಲ, ಹಾಗೆ. ಕೆಲವು ಪ್ರೋಟೀನಿಗೆ ಅಂಟಿರುತ್ತವೆ, ಕೆಲವು ಕೊಬ್ಬಿಗೆ. ಇವನ್ನು ಗ್ಲೈಕಾನ್ ಎನ್ನುತ್ತಾರೆ. ನಾಲಿಗೆಗೆ ಸಿಹಿಯಾಗಲು ಇರುವಂಥವಲ್ಲ, ಗುರುತಿಗಾಗಿ ಇರುವಂಥವು. ಈ ಗುರುತನ್ನು ನೀವು ಈಗಾಗಲೇ ನೋಡಿದ್ದೀರಿ, ಗೊತ್ತಾ? ರಕ್ತದ ಗುಂಪು ಅಂದರೆ ಇದೇ. ಎ ಗುಂಪಿಗೂ ಬಿ ಗುಂಪಿಗೂ ಇರುವ ವ್ಯತ್ಯಾಸ ಸರದ ತುದಿಯ ಒಂದೇ ಒಂದು ಸಕ್ಕರೆ. ಆ ಒಂದು ಮಣಿ ಬೇರೆಯಾದರೆ ತಪ್ಪು ರಕ್ತ ಏರಿಸಿದವರ ಜೀವಕ್ಕೇ ಕುತ್ತು. 1952ರಲ್ಲಿ ಮುಂಬೈಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಜೊತೆಗಾರರು ಒಂದು ಹೊಸ ಗುಂಪನ್ನು ವರದಿ ಮಾಡಿದರು. ಇವತ್ತಿಗೂ ಅದನ್ನು ಬಾಂಬೆ ಗುಂಪು ಎನ್ನುತ್ತಾರೆ. ಆ ಗುಂಪಿನವರ ಸರದಲ್ಲಿ ಓ ಗುಂಪಿನವರಿಗೂ ಇರುವ ಒಂದು ಸಕ್ಕರೆ ಇರುವುದಿಲ್ಲ. ಹಾಗಾಗಿ ಅವರಿಗೆ ಓ ರಕ್ತವೂ ಆಗಿಬರುವುದಿಲ್ಲ. ಒಂದು ಸಕ್ಕರೆಗೆ ಮೈ ಎಷ್ಟು ಬೆಲೆ ಕೊಡುತ್ತದೆ ನೋಡಿ.

ಈಗ ಕ್ಯಾನ್ಸರ್ ವಿಷಯಕ್ಕೆ ಬರೋಣ. ಈ ಸರಗಳ ತುದಿಯಲ್ಲಿ ಸಿಯಾಲಿಕ್ ಆಸಿಡ್ ಎಂಬ ಸಕ್ಕರೆ ಕೂರುತ್ತದೆ. 1936ರಲ್ಲಿ ಸ್ವೀಡನ್ನಿನ ಗುನ್ನಾರ್ ಬ್ಲಿಕ್ಸ್ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಜೊಲ್ಲಿನ ಗ್ರಂಥಿಯ ಲೋಳೆಯಿಂದ. ಹೆಸರೂ ಜೊಲ್ಲು ಎಂಬ ಗ್ರೀಕ್ ಮಾತಿನಿಂದಲೇ ಬಂದಿದೆ. ನಮ್ಮ ಎಲ್ಲ ಕೋಶಗಳ ಮೇಲೂ ಇದು ಇದೆ. ಇದಕ್ಕೆ ಇರುವ ಮುಖ್ಯ ಕೆಲಸಗಳಲ್ಲಿ ಒಂದು, ನಮ್ಮ ಕಾವಲು ಕೋಶಗಳಿಗೆ 'ಇದು ನಮ್ಮದೇ, ಮುಟ್ಟಬೇಡ' ಎಂದು ತಿಳಿಸುವುದು.

ಚಳ್ಳಕೆರೆ ಕಡೆಯ ಕುರಿಗಾಹಿಗಳನ್ನು ನೆನೆಸಿಕೊಳ್ಳಿ. ರಾತ್ರಿ ಹಟ್ಟಿಯ ಹತ್ತಿರ ನಾಯಿ ಕಾವಲಿರುತ್ತದೆ. ಮನೆಯವರು ಕಂಬಳಿ ಹೊದ್ದು ಬಂದರೆ ನಾಯಿ ಮೂಸಿ ನೋಡುತ್ತದೆ, ಆ ಕಂಬಳಿಯ ವಾಸನೆ ಗೊತ್ತು, ಸುಮ್ನೆ ಮಲಗುತ್ತದೆ. ಈಗ ಕಳ್ಳನೊಬ್ಬ ಅದೇ ಮನೆಯ ಕಂಬಳಿಯನ್ನು ಹೊದ್ದು ಬಂದ ಎಂದುಕೊಳ್ಳಿ. ಒಂದಲ್ಲ, ನಾಲ್ಕು ಕಂಬಳಿ ಹೊದ್ದು ಬಂದ. ನಾಯಿ ಏನು ಮಾಡಬೇಕು? ಕ್ಯಾನ್ಸರ್ ಕೋಶ ಮಾಡುವುದು ಇದನ್ನೇ. ಅನೇಕ ಬಗೆಯ ಕ್ಯಾನ್ಸರ್‌ಗಳಲ್ಲಿ ಸಿಯಾಲಿಕ್ ಆಸಿಡ್ ಸಾಮಾನ್ಯ ಕೋಶಕ್ಕಿಂತ ದಟ್ಟವಾಗಿರುತ್ತದೆ.

ಆ ವಾಸನೆ ಹಿಡಿಯುವ ಮೂಗಿಗೆ ಸಿಗ್ಲೆಕ್ ಎಂದು ಹೆಸರು. ಮನುಷ್ಯರಲ್ಲಿ ಹತ್ತಕ್ಕೂ ಹೆಚ್ಚು ಬಗೆಯ ಸಿಗ್ಲೆಕ್‌ಗಳಿವೆ, ಒಂದೊಂದಕ್ಕೂ ನಂಬರ್ ಇದೆ. ಸಿಗ್ಲೆಕ್-7 ಮತ್ತು 9 ಎನ್‌ಕೆ ಕೋಶಗಳ ಮೇಲೆ ಸಿಗುತ್ತವೆ. ಎನ್‌ಕೆ ಕೋಶ ಅಂದರೆ ಕೆಟ್ಟ ಕೋಶವನ್ನು ನೇರವಾಗಿ ಕೊಲ್ಲುವಂಥದ್ದು. ಸಿಗ್ಲೆಕ್-10 ಮ್ಯಾಕ್ರೊಫೇಜ್‌ಗಳ ಮೇಲೆ ಸಿಗುತ್ತದೆ, ಇವು ಕೆಟ್ಟ ಕೋಶವನ್ನು ನುಂಗುತ್ತವೆ. ಸಿಯಾಲಿಕ್ ಆಸಿಡ್ ಸಿಗ್ಲೆಕ್‌ಗೆ ತಾಗಿದ ಕೂಡಲೇ ಕಾವಲು ಕೋಶದ ಒಳಗೆ 'ನಿಲ್ಲು' ಎಂಬ ಸಂದೇಶ ಹೋಗುತ್ತದೆ. 2019ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಇದಕ್ಕೊಂದು ಸ್ಪಷ್ಟ ಉದಾಹರಣೆ ಕೊಟ್ಟರು. ಕೆಲವು ಅಂಡಾಶಯ ಮತ್ತು ಸ್ತನ ಕ್ಯಾನ್ಸರ್ ಕೋಶಗಳು ಸಿಡಿ24 ಎಂಬ ಸಕ್ಕರೆ ತುಂಬಿದ ಪ್ರೋಟೀನನ್ನು ಮುಂದೊಡ್ಡುತ್ತವೆ. ಅದು ಸಿಗ್ಲೆಕ್-10ಕ್ಕೆ ತಾಗುತ್ತದೆ, ಮ್ಯಾಕ್ರೊಫೇಜ್ ನುಂಗದೆ ಬಿಟ್ಟುಬಿಡುತ್ತದೆ. ಅದನ್ನು ಮುಚ್ಚಿದಾಗ ಮ್ಯಾಕ್ರೊಫೇಜ್‌ಗಳು ಮತ್ತೆ ನುಂಗಲು ಶುರು ಮಾಡಿದವು.

ಇನ್ನು ನಿಮ್ಮ ಅಪ್ಪನಿಗೆ ಹೇಳಿರುವ ಔಷಧ. ಅದು ತಡೆಯುವುದು ಬೇರೆ ಬ್ರೇಕನ್ನು. ಟಿ ಕೋಶ ಎಂಬ ಕಾವಲು ಕೋಶದ ಮೇಲೆ ಪಿಡಿ-1 ಎಂಬ ಗುಂಡಿ ಇದೆ. ಜಪಾನಿನ ತಸುಕು ಹೊಂಜೊ ಅವರ ತಂಡ ಇದನ್ನು 1992ರಲ್ಲಿ ಕಂಡುಹಿಡಿಯಿತು. 2018ರಲ್ಲಿ ಅವರಿಗೆ ಜೇಮ್ಸ್ ಆಲಿಸನ್ ಜೊತೆ ನೊಬೆಲ್ ಬಂತು. ಕ್ಯಾನ್ಸರ್ ಕೋಶ ಪಿಡಿ-ಎಲ್1 ಎಂಬ ಬೆರಳಿನಿಂದ ಆ ಗುಂಡಿ ಒತ್ತಿದರೆ ಟಿ ಕೋಶ ತಣ್ಣಗಾಗುತ್ತದೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಗಳು ಆ ಗುಂಡಿಯನ್ನು ಮುಚ್ಚುತ್ತವೆ. ಹಟ್ಟಿಯ ಮಾತಿನಲ್ಲಿ ಹೇಳುವುದಾದರೆ ನಾಯಿಯ ಸರಪಳಿ ಬಿಚ್ಚುತ್ತವೆ.

ಸರಪಳಿ ಬಿಚ್ಚಿದ ಮೇಲೂ ನಾಯಿ ಮನೆ ಕಂಬಳಿಯ ವಾಸನೆಗೆ ಸುಮ್ಮನಾಗಬಹುದು, ಅಲ್ವಾ? ಈ ಔಷಧ ಕೆಲವರಿಗೆ ಅಚ್ಚರಿಯಷ್ಟು ಕೆಲಸ ಮಾಡಿ, ಹಲವರಿಗೆ ಏನೂ ಮಾಡದೆ ಹೋಗಲು ಇರುವ ಕಾರಣಗಳಲ್ಲಿ ಇದೂ ಒಂದು. ಒಂದೇ ಕಾರಣ ಎಂದು ಖಂಡಿತ ಹೇಳಲಾರೆ. ಗೆಡ್ಡೆಯ ಒಳಗೆ ಟಿ ಕೋಶಗಳೇ ಬರದಿರಬಹುದು. ಬಂದರೂ ಗುರುತು ಹಿಡಿಯುವಂಥದ್ದು ಏನೂ ಸಿಗದಿರಬಹುದು. ತಲೆ-ಕುತ್ತಿಗೆ ಕ್ಯಾನ್ಸರ್ ಮರಳಿ ಬಂದವರ ಅಥವಾ ಹರಡಿದವರ ಒಂದು ದೊಡ್ಡ ಅಧ್ಯಯನದಲ್ಲಿ, ಪಿಡಿ-ಎಲ್1 ಸ್ವಲ್ಪವಾದರೂ ಇದ್ದವರಿಗೆ ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಕೊಟ್ಟಾಗ ಗೆಡ್ಡೆ ಚೆನ್ನಾಗಿ ಕುಗ್ಗಿದ್ದು ನೂರಕ್ಕೆ 19 ಜನರಲ್ಲಿ. ಕುಗ್ಗಿದವರಲ್ಲಿ ಮಾತ್ರ ಅದು ಕೀಮೋಗಿಂತ ಬಹಳ ಕಾಲ ಉಳಿಯಿತು.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಅಂಕ ಕಡಿಮೆ' ಎಂಬ ಮಾತು. ಇದು ನನ್ನ ಟೇಬಲ್ ಮೇಲಿನ ವಿಷಯ. ಮತ್ತು ಇಲ್ಲೂ ಸಕ್ಕರೆಯ ಕೈವಾಡ ಇದೆ.

ಟೆಸ್ಟ್ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಗೆಡ್ಡೆಯ ಚೂರನ್ನು ಮೇಣದ ಬಿಲ್ಲೆಯಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಇಡುತ್ತೇವೆ. ಪಿಡಿ-ಎಲ್1ಗೆ ಹೋಗಿ ಅಂಟುವ ಪ್ರತಿಕಾಯವನ್ನು ಹಾಕುತ್ತೇವೆ. ಅಂಟಿದ ಕಡೆ ಕಂದು ಬಣ್ಣ ಬರುತ್ತದೆ. ಬಣ್ಣ ಬಂದ ಗೆಡ್ಡೆ ಕೋಶ, ಅದರ ನಡುವಿನ ಬಣ್ಣ ಬಂದ ಕಾವಲು ಕೋಶ, ಎರಡನ್ನೂ ಎಣಿಸಿ, ಒಟ್ಟು ಜೀವಂತ ಗೆಡ್ಡೆ ಕೋಶಗಳಿಂದ ಭಾಗಿಸಿ, ನೂರರಿಂದ ಗುಣಿಸುತ್ತೇವೆ. ನಿಮ್ಮ ರಿಪೋರ್ಟಿನಲ್ಲಿ ಸಿಪಿಎಸ್ ಎಂದು ಇರುವುದು ಈ ಅಂಕ.

ಈಗ ನೋಡಿ, ಪಿಡಿ-ಎಲ್1 ಬರಿಮೈಯಲ್ಲಿ ಇರುವುದಿಲ್ಲ. ಅದರ ಮೇಲೆ ಸಕ್ಕರೆ ಸರ ಕಟ್ಟುವ ಜಾಗಗಳು ನಾಲ್ಕಿವೆ. ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ಮಿಯೆನ್-ಚೀ ಹಂಗ್ ಅವರ ತಂಡ 2016ರಲ್ಲಿ ತೋರಿಸಿದ್ದು, ಆ ಸಕ್ಕರೆ ಇಲ್ಲದಿದ್ದರೆ ಪಿಡಿ-ಎಲ್1 ಕೋಶದೊಳಗೇ ಬೇಗ ಒಡೆದು ಹೋಗುತ್ತದೆ ಎಂದು. ಅಂದರೆ ಕ್ಯಾನ್ಸರ್‌ನ ಆ ಬೆರಳು ಗಟ್ಟಿಯಾಗಿ ನಿಲ್ಲುವುದೇ ಸಕ್ಕರೆಯ ಬಲದಿಂದ. 2019ರಲ್ಲಿ ಅದೇ ತಂಡ ಇನ್ನೊಂದು ಸಂಗತಿ ಹೇಳಿತು, ನನ್ನಂಥವರು ಕುರ್ಚಿಯಲ್ಲಿ ನೆಟ್ಟಗೆ ಕೂರುವಂಥದ್ದು. ಆ ಸಕ್ಕರೆ ಸರಗಳು ಟೆಸ್ಟಿನ ಪ್ರತಿಕಾಯಕ್ಕೂ ಅಡ್ಡ ನಿಲ್ಲುತ್ತವೆ. ಪಿಡಿ-ಎಲ್1 ಇದ್ದರೂ ಬಣ್ಣ ಬರುವುದಿಲ್ಲ. ಚೂರಿನ ಮೇಲೆ ಮೊದಲು ಸಕ್ಕರೆ ಕತ್ತರಿಸುವ ಕಿಣ್ವವನ್ನು ಹಾಕಿ, ಆಮೇಲೆ ಬಣ್ಣ ಹಾಕಿದಾಗ ಕೆಲವು ರೋಗಿಗಳ ಅಂಕ ಏರಿತು. ಹೀಗೆ ಬಂದ ಅಂಕ ಯಾರಿಗೆ ಔಷಧ ಕೆಲಸ ಮಾಡಿತು ಎಂಬುದಕ್ಕೆ ಮೊದಲಿನದಕ್ಕಿಂತ ಚೆನ್ನಾಗಿ ಹೊಂದಿತು.

ಹಾಗಾದರೆ ಅಪ್ಪನ ಅಂಕ ತಪ್ಪಾ? ಹಾಗೆ ಹೇಳಲಾಗದು. ಸಕ್ಕರೆ ಕತ್ತರಿಸಿ ಮಾಡುವ ಈ ಟೆಸ್ಟ್ ದಿನನಿತ್ಯದ ಲ್ಯಾಬ್ ಟೆಸ್ಟ್ ಆಗಿಲ್ಲ. ಚಿಕಿತ್ಸೆಯ ನಿಯಮಗಳೆಲ್ಲ ಈಗಿನ ಮಾಮೂಲಿ ಟೆಸ್ಟಿನ ಅಂಕದ ಮೇಲೆ ನಿಂತಿವೆ. ಜೊತೆಗೆ ಅಂಕ ಕಡಿಮೆಯಾಗಲು ಇನ್ನೂ ಸರಳವಾದ ಕಾರಣಗಳಿವೆ. ಚೂರು ತೀರಾ ಚಿಕ್ಕದಿರಬಹುದು. ಗೆಡ್ಡೆಯ ಒಂದು ಮೂಲೆಯಲ್ಲಿ ಬಣ್ಣ ಬಂದು ಇನ್ನೊಂದು ಮೂಲೆಯಲ್ಲಿ ಬರದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಳೆಯ ಆಪರೇಷನ್ನಿನ ಚೂರಿನಲ್ಲಿ ಟೆಸ್ಟ್ ಮಾಡಿದ್ದಾರಾ, ಈಗ ಮರಳಿ ಬಂದ ಗೆಡ್ಡೆಯ ಚೂರಿನಲ್ಲಾ ಎಂದು ಕೇಳಿ. ಅಂಕ 'ಕಡಿಮೆ' ಎಂದರೆ ಎಷ್ಟು ಎಂದೂ ಕೇಳಿ. 1ಕ್ಕಿಂತ ಕಡಿಮೆಗೂ 5ಕ್ಕೂ ಬಹಳ ವ್ಯತ್ಯಾಸ ಇದೆ. ಅಂಕ ಕಡಿಮೆ ಇದ್ದಾಗ ಇಮ್ಯುನೊಥೆರಪಿಯನ್ನು ಕೀಮೋ ಜೊತೆ ಸೇರಿಸಿ ಕೊಡುವ ದಾರಿಯೂ ಇದೆ.

ಈಗ ಆ ಸಕ್ಕರೆಯನ್ನು ತೆಗೆಯುವ ಔಷಧದ ಪ್ರಶ್ನೆ. ಸದ್ಯಕ್ಕೆ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಸಿಗುವಂಥದ್ದು ಇಲ್ಲ. ಆದರೆ ಕೆಲಸ ನಡೆದಿದೆ, ಮತ್ತು ಅದು ನನಗೆ ನಿಜವಾಗಿ ಭರವಸೆ ಕೊಡುವ ಕೆಲಸ.

ಇದರಲ್ಲಿ ದೊಡ್ಡ ಹೆಸರು ಕ್ಯಾರೊಲಿನ್ ಬರ್ಟೋಜಿ. ಸ್ಟ್ಯಾನ್‌ಫೋರ್ಡಿನ ರಸಾಯನಶಾಸ್ತ್ರಜ್ಞೆ. ಜೀವಂತ ಕೋಶದ ಮೇಲಿನ ಸಕ್ಕರೆಗೆ, ಕೋಶಕ್ಕೆ ನೋವಾಗದಂತೆ, ಗುರುತಿನ ಚೀಟಿ ಅಂಟಿಸುವ ವಿಧಾನ ಕಂಡುಹಿಡಿದು 2022ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಪಡೆದವರು. ಅದಕ್ಕೂ ಮೊದಲು ಸಕ್ಕರೆ ಸರಗಳನ್ನು ನೋಡುವುದೇ ಕಷ್ಟವಾಗಿತ್ತು. ಡಿಎನ್‌ಎಗೆ, ಪ್ರೋಟೀನಿಗೆ ಇದ್ದಂಥ ಸಾಧನಗಳು ಸಕ್ಕರೆಗೆ ಇರಲಿಲ್ಲ. ಅವರ ತಂಡ 2016ರಲ್ಲಿ ಒಂದು ಜಾಣ ಕೆಲಸ ಮಾಡಿತು. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯಕ್ಕೆ ಸಿಯಾಲಿಡೇಸ್ ಎಂಬ ಕತ್ತರಿಯನ್ನು ಕಟ್ಟಿತು. ಪ್ರತಿಕಾಯ ಕ್ಯಾನ್ಸರ್ ಕೋಶವನ್ನು ಹುಡುಕಿ ಹೋಗುತ್ತದೆ, ಕತ್ತರಿ ಅಲ್ಲಿನ ಸಿಯಾಲಿಕ್ ಆಸಿಡನ್ನು ಕತ್ತರಿಸುತ್ತದೆ. ಕಂಬಳಿ ಕಿತ್ತ ಮೇಲೆ ಎನ್‌ಕೆ ಕೋಶಗಳು ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಚೆನ್ನಾಗಿ ಕೊಂದವು. 2020ರಲ್ಲಿ ಇಲಿಗಳಲ್ಲೂ ಗೆಡ್ಡೆಯ ಬೆಳವಣಿಗೆ ನಿಧಾನವಾಯಿತು.

ಈ ಕತ್ತರಿ ಹೊಸದೇನಲ್ಲ. ಎಚ್1ಎನ್1 ಜ್ವರದ ಹೆಸರು ಕೇಳಿದ್ದೀರಲ್ಲ, ಅದರಲ್ಲಿರುವ 'ಎನ್' ಇದೇ ಜಾತಿಯ ಕತ್ತರಿ. ಫ್ಲೂ ವೈರಸ್ ನಮ್ಮ ಕೋಶದಿಂದ ಬಿಡಿಸಿಕೊಂಡು ಹೊರಗೆ ಹೋಗಲು ಸಿಯಾಲಿಕ್ ಆಸಿಡನ್ನು ಕತ್ತರಿಸುತ್ತದೆ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಕೆಲಸ 2022ರದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವಿಜ್ಞಾನಿಗಳು ಬರ್ಟೋಜಿ ತಂಡದ ಜೊತೆ ಸೇರಿ ಇಲಿಗಳಲ್ಲಿ ಈ ಕತ್ತರಿಯನ್ನೂ ಪಿಡಿ-1 ತಡೆಯುವಂಥ ಇಮ್ಯುನೊಥೆರಪಿಯನ್ನೂ ಒಟ್ಟಿಗೆ ನೋಡಿದರು. ಸಿಯಾಲಿಕ್ ಆಸಿಡ್ ಹೋದ ಮೇಲೆ, ಗೆಡ್ಡೆಯೊಳಗೆ ಕ್ಯಾನ್ಸರ್‌ಗೇ ಸಹಾಯ ಮಾಡುತ್ತಿದ್ದ ಮ್ಯಾಕ್ರೊಫೇಜ್‌ಗಳು ಬಣ ಬದಲಿಸಿದವು. ಟಿ ಕೋಶಗಳು ಚುರುಕಾದವು. ಇಮ್ಯುನೊಥೆರಪಿ ಹೆಚ್ಚು ಕೆಲಸ ಮಾಡಿತು. ಸರಪಳಿ ಬಿಚ್ಚುವುದು, ಕಂಬಳಿ ಕೀಳುವುದು, ಎರಡೂ ಒಟ್ಟಿಗೆ ಆಗಬೇಕು ಎಂದು ನಾನು ನಂಬುವುದು ಇಂಥ ಫಲಿತಾಂಶಗಳಿಂದಲೇ. ಸಿಯಾಲಿಡೇಸ್ ಕಟ್ಟಿದ ಔಷಧವನ್ನು ಮನುಷ್ಯರಿಗೆ ಕೊಟ್ಟು ನೋಡುವ ಮೊದಲ ಹಂತದ ಪರೀಕ್ಷೆಗಳೂ ನಡೆದಿವೆ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿಯಲ್ಲಿ ಬಹಳಷ್ಟು ಔಷಧಗಳು ಬಿದ್ದುಹೋಗುತ್ತವೆ. ಇಲ್ಲಿ ಒಂದು ಕಷ್ಟ ಮೊದಲೇ ಕಾಣುತ್ತದೆ. ಸಿಯಾಲಿಕ್ ಆಸಿಡ್ ಒಳ್ಳೆಯ ಕೋಶಗಳ ಮೇಲೂ ಇದೆ. ಕೆಂಪು ರಕ್ತಕಣದಿಂದ, ಪ್ಲೇಟ್‌ಲೆಟ್‌ನಿಂದ ಅದನ್ನು ಕಿತ್ತರೆ ದೇಹ ಅವನ್ನು ಹಳೆಯವೆಂದು ತಿಳಿದು ಬೇಗ ತೆಗೆದುಹಾಕುತ್ತದೆ. ಕತ್ತರಿ ಕ್ಯಾನ್ಸರ್ ಕೋಶದ ಹತ್ತಿರ ಮಾತ್ರ ಆಡಬೇಕು. ಕಷ್ಟದ ಕೆಲಸ ಅದು.

ಸಕ್ಕರೆಯನ್ನೇ ಗುರಿಯಾಗಿಸಿ ಹೊಡೆಯುವ ಔಷಧ ಆಗಲೇ ಒಂದಿದೆ ಎಂಬುದನ್ನೂ ಹೇಳಬೇಕು. ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರ್‌ನಲ್ಲಿ ಕೋಶಗಳ ಮೇಲೆ ಜಿಡಿ2 ಎಂಬ ಸಕ್ಕರೆ-ಕೊಬ್ಬು ದಟ್ಟವಾಗಿರುತ್ತದೆ. ಅದಕ್ಕೆ ಅಂಟುವ ಡಿನುಟುಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ 2015ರಲ್ಲೇ ಒಪ್ಪಿಗೆ ಸಿಕ್ಕಿತು. ಅಪ್ಪನ ಕಾಯಿಲೆಗೆ ಅದು ಸಂಬಂಧವಿಲ್ಲ.

ಈಗ ಮತ್ತೆ ಅಡುಗೆಮನೆಗೆ. ಕೋಶ ಈ ಸಕ್ಕರೆ ಸರಗಳನ್ನು ತನ್ನೊಳಗೇ, ತನ್ನದೇ ಕಿಣ್ವಗಳಿಂದ ಪೋಣಿಸುತ್ತದೆ. ಯಾವ ಮಣಿ ಎಲ್ಲಿ ಎಂಬುದನ್ನು ಕೆಟ್ಟುಹೋದ ವಂಶವಾಹಿಗಳು ನಿರ್ಧರಿಸುತ್ತವೆ, ಕಾಫಿ ಲೋಟ ಅಲ್ಲ. ಬೆಲ್ಲ ಬಿಟ್ಟರೆ ಒಂದು ಮಣಿಯೂ ಉದುರುವುದಿಲ್ಲ. ಬದಲಿಗೆ ತೂಕ ಇಳಿದರೆ ಕೀಮೋ ತಡೆಯುವ ಶಕ್ತಿ ಹೋಗುತ್ತದೆ, ಸೋಂಕು ಬೇಗ ಹಿಡಿಯುತ್ತದೆ. ಟಿ ಕೋಶಗಳಿಗೂ ಕೆಲಸ ಮಾಡಲು ಗ್ಲೂಕೋಸ್, ಪ್ರೋಟೀನ್ ಬೇಕು. ನೀವು ಬಯಸುತ್ತಿರುವ ಕಾವಲಿನವರನ್ನೇ ಉಪವಾಸ ಕೆಡವಬೇಡಿ.

ರೇಡಿಯೇಷನ್ ಆದ ಬಾಯಿಗೆ ಒಣಗಿದ್ದು, ಗರಿಗರಿ, ಖಾರ ಆಗುವುದಿಲ್ಲ. ಮಂಡಕ್ಕಿ-ಮೆಣಸಿನಕಾಯಿ ಸದ್ಯಕ್ಕೆ ಬೇಡ, ಎಷ್ಟೇ ಆಸೆಪಟ್ಟರೂ ಹುಣ್ಣಿಗೆ ಚುಚ್ಚುತ್ತದೆ. ಬೆಣ್ಣೆ ದೋಸೆಯ ಮೆತ್ತನೆಯ ನಡುಭಾಗವನ್ನು ಹಾಲಿನಲ್ಲೋ ಮೊಸರಿನಲ್ಲೋ ನೆನೆಸಿ, ಚಟ್ನಿ ಇಲ್ಲದೆ ಕೊಡಿ. ಬೆಣ್ಣೆ ಈಗ ಅವರಿಗೆ ಒಳ್ಳೆಯದೇ. ಬೆಲ್ಲ-ಹಾಲು ಹಾಕಿದ ರಾಗಿ ಗಂಜಿ, ಕಿವುಚಿದ ಬಾಳೆಹಣ್ಣು, ತಿನ್ನುವವರಾದರೆ ಮೆತ್ತಗೆ ಬೇಯಿಸಿದ ಮೊಟ್ಟೆ. ದಿನಕ್ಕೆ ಮೂರು ಊಟದ ಬದಲು ಸ್ವಲ್ಪ ಸ್ವಲ್ಪವಾಗಿ ಆರು ಸಲ. ವಾರಕ್ಕೊಮ್ಮೆ ತೂಕ ಬರೆದಿಡಿ, ಡಾಕ್ಟರಿಗೆ ತೋರಿಸಿ. ನುಂಗಲು ಆಗದೇ ಹೋದರೆ ಮೂಗಿನ ಮೂಲಕ ಆಹಾರ ಕೊಡುವ ನಳಿಕೆಗೆ ಹೆದರಬೇಡಿ.

ಖರ್ಚಿನ ಮಾತನ್ನು ನೀವು ಎತ್ತಿಲ್ಲ, ಆದರೆ ಅದು ಮನಸ್ಸಿನಲ್ಲಿ ಇಲ್ಲದಿರಲು ಸಾಧ್ಯವಿಲ್ಲ. ಈ ಔಷಧಗಳು ಬಹಳ ದುಬಾರಿ. ತೋಟ ಮಾರುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇಂಥದ್ದೇ ತಲೆ-ಕುತ್ತಿಗೆ ಕ್ಯಾನ್ಸರ್ ಇದ್ದ 151 ಜನರಲ್ಲಿ ಒಂದು ಪರೀಕ್ಷೆ ಮಾಡಿದರು. ಬಾಯಿಯಿಂದ ತೆಗೆದುಕೊಳ್ಳುವ ಕಡಿಮೆ ಪ್ರಮಾಣದ ಮಾತ್ರೆಗಳ ಜೊತೆ ಅರ್ಧದಷ್ಟು ಜನರಿಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟರು. ಸಾಮಾನ್ಯ ಪ್ರಮಾಣ ಎರಡು ವಾರಕ್ಕೆ 240 ಮಿಲಿಗ್ರಾಂ. ಒಂದು ವರ್ಷದ ನಂತರ ಬದುಕಿದ್ದವರು ಮಾತ್ರೆ ಮಾತ್ರ ಪಡೆದವರಲ್ಲಿ ನೂರಕ್ಕೆ 16.3, ನಿವೊಲುಮ್ಯಾಬ್ ಸೇರಿಸಿದವರಲ್ಲಿ 43.4. ನಮ್ಮ ದೇಶದವರೇ, ನಮ್ಮ ಜನರ ಕಾಯಿಲೆಗೆ, ನಮ್ಮ ಜೇಬಿಗೆ ಎಟುಕುವ ದಾರಿ ಹುಡುಕಿದ್ದು ನನಗೆ ಹೆಮ್ಮೆ. ಅಪ್ಪನಿಗೆ ಇದು ಹೊಂದುತ್ತದಾ ಎಂದು ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ. ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಏನು ಸಿಗುತ್ತದೆ ಎಂಬುದನ್ನು ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.

ನಿಮ್ಮ ಬಾಯಲ್ಲೂ ಅಡಿಕೆ ಇದ್ದರೆ ದಯವಿಟ್ಟು ಉಗುಳಿ. ತಂಬಾಕು ಹಾಕದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯಿಂದ ಎಷ್ಟು ಮನೆಗಳ ಒಲೆ ಉರಿಯುತ್ತಿದೆ ಎಂದು ನನಗೆ ಗೊತ್ತು. ಬೆಳೆಯುವುದರ ಬಗ್ಗೆ ನಾನು ಮಾತಾಡುತ್ತಿಲ್ಲ, ಅಗಿಯುವುದರ ಬಗ್ಗೆ ಹೇಳುತ್ತಿದ್ದೇನೆ. ಬಾಯಿ ತೆರೆಯಲು ಬಿಗಿ ಅನಿಸಿದರೆ, ಬಿಳಿ ಮಚ್ಚೆ ಕಂಡರೆ, ಅಪ್ಪನ ಜೊತೆ ಹೋದ ದಿನವೇ ನಿಮ್ಮದನ್ನೂ ತೋರಿಸಿ.

ಇನ್ನೊಂದು ಕೆಲಸ ಬಾಕಿ ಇದೆ. ಅಪ್ಪನ ಬಯಾಪ್ಸಿಯ ಮೇಣದ ಬಿಲ್ಲೆ ಯಾವ ಲ್ಯಾಬಿನಲ್ಲಿದೆ ಎಂದು ಕೇಳಿ, ಅದರ ನಂಬರ್ ಬರೆದಿಟ್ಟುಕೊಳ್ಳಿ. ಲ್ಯಾಬ್‌ನವರು ಅದನ್ನು ಇಡುವುದು ಕೆಲವು ವರ್ಷ ಮಾತ್ರ. ಬೇರೆ ಊರಿನಲ್ಲಿ ಎರಡನೇ ಅಭಿಪ್ರಾಯ ಪಡೆಯುವಾಗಲೂ, ಮುಂದೆ ಸಕ್ಕರೆ ಕತ್ತರಿಸಿ ನೋಡುವ ಟೆಸ್ಟ್ ನಮ್ಮ ಲ್ಯಾಬುಗಳಿಗೆ ಬಂದಾಗಲೂ, ಮತ್ತೆ ಅಪ್ಪನ ಕೆನ್ನೆಯಿಂದ ಚೂರು ತೆಗೆಯದೆ ಆ ಬಿಲ್ಲೆಯಿಂದಲೇ ಸೀಳಿ ನೋಡಬಹುದು.